ಮೈಮೇಲೆ ಕಂಡರೂ ಕಣ್ಣಿಗೆ ಬೀಳದ ಕಾಯಿಲೆ: ಕುಶಿಂಗ್ ಸಿಂಡ್ರೋಮಿನ ಚರಿತ್ರೆ

ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಹತ್ತಲು ಎರಡು ದಾರಿ: ವಾಹನಕ್ಕೆ ರಸ್ತೆ, ಕಾಲಿಗೆ ಮೆಟ್ಟಿಲು. ಮೆಟ್ಟಿಲೇರುವವರು ಏದುಸಿರು ಬಿಡುವುದು ಸಹಜ. ಉಸಿರು ಚೆನ್ನಾಗಿದ್ದೂ ತೊಡೆ ಎತ್ತಲಾಗದೆ, ಮಂಡಿಗೆ ಕೈ ಊರಿ ಮೈಯನ್ನು ಮೇಲಕ್ಕೆ ತಳ್ಳಿಕೊಳ್ಳುವವರ ಕತೆ ಬೇರೆ. ಕಾರ್ಟಿಸಾಲ್ ಎಂಬ ಹಾರ್ಮೋನು ತಿಂಗಳುಗಟ್ಟಲೆ ಮಿತಿಮೀರಿದರೆ ತೊಡೆ, ತೋಳಿನ ಸ್ನಾಯುಗಳು ಕರಗುತ್ತವೆ. ಸಮನೆಲದಲ್ಲಿ ನಡೆಯಬಲ್ಲವರು ಮೆಟ್ಟಿಲಿಗೆ ಸೋಲುತ್ತಾರೆ. ಕುಕ್ಕರುಗಾಲಲ್ಲಿ ಕೂತರೆ ಏನನ್ನಾದರೂ ಹಿಡಿಯದೆ ಏಳಲಾರರು. ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಸಣಕಲಾಗುತ್ತವೆ, ಮುಖ ದುಂಡಗಾಗಿ ಕೆಂಪೇರುತ್ತದೆ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೀರುಗಳು ಮೂಡುತ್ತವೆ. ಸಣ್ಣ ಪೆಟ್ಟಿಗೂ ಚರ್ಮ ಕಂದುಗಟ್ಟುತ್ತದೆ.

ಇಷ್ಟೆಲ್ಲ ಎದ್ದು ಕಾಣುವಾಗ ಕುಶಿಂಗ್ ಸಿಂಡ್ರೋಮಿನ ಪತ್ತೆಗೆ ವರ್ಷಗಳು ಏಕೆ ಬೇಕು?

ಅಮೆರಿಕದ ಮಿದುಳು ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1912ರಲ್ಲಿ ಇಂಥ ಲಕ್ಷಣಗಳಿದ್ದ 23 ವರ್ಷದ ಯುವತಿಯೊಬ್ಬಳ ವಿವರ ಪ್ರಕಟಿಸಿದ. 12 ರೋಗಿಗಳನ್ನು ಒಟ್ಟಿಗಿಟ್ಟು, ಪಿಟ್ಯುಟರಿ ಗ್ರಂಥಿಯ ಪುಟ್ಟ ಗಡ್ಡೆಯೇ ಇದರ ಮೂಲ ಎಂದು ವಾದಿಸುವ ಹೊತ್ತಿಗೆ 1932 ಬಂದಿತ್ತು. ಹೆಸರು ಕೊಟ್ಟವನಿಗೇ ಎರಡು ದಶಕ ಹಿಡಿದ ಕಾಯಿಲೆ ಇದು! ನಡುವೆ 1924ರಲ್ಲಿ ರಷ್ಯಾದ ನಿಕೊಲಾಯ್ ಇತ್ಸೆಂಕೊ ಇದೇ ಚಿತ್ರವನ್ನು ವಿವರಿಸಿದ್ದ. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅಂದರೆ ಈ ಸೀಮೆಯಲ್ಲಿ ಆಧುನಿಕ ವೈದ್ಯಶಿಕ್ಷಣಕ್ಕೂ ಈ ಕಾಯಿಲೆಯ ಅರಿವಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಚಿಕಿತ್ಸೆ ಸಿಗದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದೊಳಗೆ ಸಾಯುತ್ತಾರೆಂದು 1952ರ ಅಮೆರಿಕನ್ ಅಧ್ಯಯನವೊಂದು ದಾಖಲಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು, ರಕ್ತನಾಳದಲ್ಲಿ ಹೆಪ್ಪು, ಮೂಳೆ ಸವೆತ ಎಲ್ಲವೂ ಒಟ್ಟಿಗೆ ಮುತ್ತುತ್ತವೆ. ಈಗ ಚಿಕಿತ್ಸೆ ಇದೆ, ತಡ ಮಾತ್ರ ತಪ್ಪಿಲ್ಲ. 5,367 ರೋಗಿಗಳ ಮಾಹಿತಿಯನ್ನು ಕಲೆಹಾಕಿದ 2020ರ ವಿಶ್ಲೇಷಣೆಯ ಪ್ರಕಾರ ಪತ್ತೆಗೆ ಹಿಡಿದ ಕಾಲ ಸರಾಸರಿ 34 ತಿಂಗಳು.

ದೋಷ ಲಕ್ಷಣಗಳದ್ದಲ್ಲ, ಅವು ಹಂಚಿಹೋಗುವ ರೀತಿಯದು. ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಇಂಥ ಕಾಯಿಲೆ ಬಂದ ಹೆಂಗಸು ಬಿಪಿಗೆ ಒಬ್ಬ ವೈದ್ಯರನ್ನು ಕಾಣುತ್ತಾಳೆ, ಮುಟ್ಟು ನಿಂತದ್ದಕ್ಕೆ ಇನ್ನೊಬ್ಬರನ್ನು, ಮೊಡವೆಗೆ ಮತ್ತೊಬ್ಬರನ್ನು. ಬೇಸರ, ನಿದ್ದೆಗೇಡನ್ನು ಯಾರಿಗೂ ಹೇಳುವುದಿಲ್ಲ. ನೆಂಟರ ಕಣ್ಣಿಗೆ ಅವಳು ‘ಮೈಕೈ ತುಂಬಿಕೊಂಡವಳು’. ಬಿಪಿ, ಶುಗರ್, ಬೊಜ್ಜು ಮನೆಮನೆಯಲ್ಲೂ ಇರುವಾಗ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡು ಮೂರು ಮಂದಿಗೆ ಬರುವ ಕಾಯಿಲೆಯ ನೆನಪು ಯಾರಿಗೆ ಬಂದೀತು?

ಆದರೆ ಈ ಲೆಕ್ಕ ಮೈಯೊಳಗಿನ ಗಡ್ಡೆಗಳದ್ದು. ಔಷಧದಿಂದ ಬರುವ ಕುಶಿಂಗ್ ಇದಕ್ಕಿಂತ ಎಷ್ಟೋ ಹೆಚ್ಚು. 1948ರಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ತಂಡ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ನೋವು ಇಳಿಯಿತು. 1950ರಲ್ಲಿ ನೊಬೆಲ್ ಬಂತು. ಹೆಚ್ಚು ದಿನ ಕೊಟ್ಟವರ ಮುಖ ದುಂಡಗಾಗತೊಡಗಿದ್ದೂ ಆಗಲೇ ಕಂಡಿತು. ಅದೇ ಸ್ಟೀರಾಯ್ಡ್ ಕುಲದ ಪ್ರೆಡ್ನಿಸೊಲೋನ್, ಬೀಟಾಮೆಥಸೋನ್, ಡೆಕ್ಸಾಮೆಥಸೋನ್‌ಗಳು ದಮ್ಮಿಗೆ, ಕೀಲುನೋವಿಗೆ ಪ್ರಾಣ ಉಳಿಸುವ ಮದ್ದುಗಳು ಹೌದು. ಹೆಸರಿಲ್ಲದ ‘ನಾಟಿ’ ಪುಡಿಯಲ್ಲಿ, ಮುಖಕ್ಕೆ ಹಚ್ಚುವ ಬಿಳುಪಿನ ಮುಲಾಮಿನಲ್ಲಿ ಗುಟ್ಟಾಗಿ ಬೆರೆತಾಗ ಅವೇ ಕಾಯಿಲೆ ತರುತ್ತವೆ. ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಕಾಗದದ ಮೇಲೆ.

ಮೊದಲ ಹಂತದ ಪರೀಕ್ಷೆ ದುಬಾರಿಯಲ್ಲ. 1960ರಲ್ಲಿ ಗ್ರಾಂಟ್ ಲಿಡಲ್ ರೂಪಿಸಿದ ವಿಧಾನವೇ ಸರಳಗೊಂಡು ಇಂದಿಗೂ ನಡೆಯುತ್ತಿದೆ: ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್, ಬೆಳಗ್ಗೆ 8ಕ್ಕೆ ರಕ್ತ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಮುಂದಿನ ಶೋಧ. ಕಾಯಿಲೆ ತರುವ ಗುಳಿಗೆಯೇ ಕಾಯಿಲೆಯನ್ನು ಹಿಡಿದುಕೊಡುತ್ತದೆ. ನಡುರಾತ್ರಿಯ ಎಂಜಲಿನಲ್ಲೂ ಕಾರ್ಟಿಸಾಲ್ ಅಳೆಯಬಹುದು. ಎಂಜಲಿನ ಕಾರ್ಟಿಸಾಲ್ ಮೈಸೂರಿಗೆ ಹೊಸದೇನಲ್ಲ. ‘ಮಿಷನ್ ಆಸ್ಪತ್ರೆ’ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರೊಂದಿಗೆ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಅವರ ಮಕ್ಕಳು ಹದಿಹರೆಯಕ್ಕೆ ಬಂದಾಗ ತೀರ್ಪುಗಾರರ ಮುಂದೆ ಭಾಷಣ, ಲೆಕ್ಕ ಮಾಡಿಸಿ ಎಂಜಲು ಸಂಗ್ರಹಿಸಲಾಯಿತು. ಒತ್ತಡಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಎಂಬುದು ಅಲ್ಲಿನ ಪ್ರಶ್ನೆ, ಕುಶಿಂಗ್ ಅಲ್ಲ. ಸಂಶೋಧನೆಗೆ ಒದಗಿದ ಅಂಥ ಪರೀಕ್ಷೆ ತಾಲ್ಲೂಕಿನ ರೋಗಿಗೂ ಸುಲಭವಾಗಿ ಸಿಗಬೇಕು.

ತಡದ ಬೆಲೆ ಗಡ್ಡೆ ತೆಗೆದ ಮೇಲೂ ತೀರುವುದಿಲ್ಲ. ಪಿಟ್ಯುಟರಿ ಗಡ್ಡೆಯಿಂದ ಗುಣಮುಖರಾಗಿ ಹತ್ತು ವರ್ಷ ದಾಟಿದ 320 ಜನರನ್ನು ನಾಲ್ಕು ದೇಶಗಳಲ್ಲಿ ಗಮನಿಸಿದ 2016ರ ಅಧ್ಯಯನದಲ್ಲಿ, ಅವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ 1.61 ಪಟ್ಟು ಇತ್ತು.

ಮುಖಚಹರೆ ಬದಲಾಗಿದ್ದು, ಮೆಟ್ಟಿಲು ಹತ್ತಲು ತೊಡೆ ಸೋಲುತ್ತಿದ್ದರೆ, ಮೂರು ನಾಲ್ಕು ವರ್ಷದ ಹಿಂದಿನ ಫೋಟೊ ಒಂದನ್ನು, ಮನೆಯಲ್ಲಿ ಬಳಸುವ ಗುಳಿಗೆ, ಪುಡಿ, ಮುಲಾಮು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಬೇಕು. ಸ್ಟೀರಾಯ್ಡ್ ಎಂದು ತಿಳಿದೊಡನೆ ತಾವಾಗಿಯೇ ನಿಲ್ಲಿಸಬಾರದು: ಬಹುಕಾಲ ಸುಮ್ಮನಿದ್ದ, ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ತಕ್ಷಣ ಎಚ್ಚರಗೊಳ್ಳದೆ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.