‘ಓದಿದ ಮೇಲೆ ಮರಳುವಿರಾ?’: ಒಂದು ಪ್ರಶ್ನೆಯ ಇತಿಹಾಸ

ಅಮೆರಿಕದ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ದೊರೆತೂ ವೀಸಾ ದೊರೆಯದೆ ಉಳಿದವರು ನನ್ನ ಶಿಷ್ಯವರ್ಗದಲ್ಲಿಯೂ ಇದ್ದಾರೆ. ಅಂಕಗಳಿಗೆ ಕೊರತೆಯಿಲ್ಲ, ಹಣದ ದಾಖಲೆಗಳೂ ಸರಿ. ಆದರೆ ಓದು ಮುಗಿಸಿ ಸ್ವದೇಶಕ್ಕೆ ಮರಳುವರೆಂಬ ನಂಬಿಕೆ ಅಧಿಕಾರಿಗೆ ಹುಟ್ಟಲಿಲ್ಲ. ಇದನ್ನು ಆ ಅಧಿಕಾರಿಯ ದರ್ಪವೆಂದು ಅನೇಕರು ಭಾವಿಸುತ್ತಾರೆ. ಆದರೆ ಈ ಶಂಕೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

1883ರಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯಶಾಸ್ತ್ರ ಕಲಿಯಲು ಕಲ್ಕತ್ತೆಯಿಂದ ಹಡಗೇರಿದಾಗ ವೀಸಾದ ಮಾತೇ ಇರಲಿಲ್ಲ. ಅವರನ್ನು ತಡೆಯಲು ನೋಡಿದ್ದು ಸಮುದ್ರಯಾನವನ್ನು ಪಾಪವೆಂದ ನಮ್ಮದೇ ಸಮಾಜ. 1913ರಲ್ಲಿ ಅಂಬೇಡ್ಕರರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದಾಗಲೂ ಇಂದಿನಂಥ ವೀಸಾ ಸಂದರ್ಶನವಿರಲಿಲ್ಲ.

1917ರ ವಲಸೆ ಕಾಯಿದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವನ್ನಾಗಿಸಿತು; ಭಾರತವೂ ಅದರೊಳಗಿತ್ತು. ಕೂಲಿಕಾರರಿಗೆ ಬಾಗಿಲು ಮುಚ್ಚಿತು. ವಿದ್ಯಾರ್ಥಿ, ಶಿಕ್ಷಕ, ವೈದ್ಯ, ವ್ಯಾಪಾರಿ ಮುಂತಾದವರಿಗೆ ಮಾತ್ರ ವಿನಾಯಿತಿ. 1924ರ ಕಾಯಿದೆಯು ವಿದ್ಯಾರ್ಥಿ ಯಾರೆಂಬುದನ್ನೇ ವಿವರಿಸಿತು: 15 ವರ್ಷ ತುಂಬಿರಬೇಕು, ವ್ಯಾಸಂಗಕ್ಕಾಗಿ ಮಾತ್ರ ಬರಬೇಕು, ಸೇರುವ ಸಂಸ್ಥೆಯನ್ನು ಮೊದಲೇ ಹೆಸರಿಸಬೇಕು. ಆ ಸಂಸ್ಥೆಗೆ ಅನುಮೋದನೆ ನೀಡುವ ಅಧಿಕಾರ ಯಾರದೆಂದು ಬಲ್ಲಿರಾ? ಕಾರ್ಮಿಕ ಇಲಾಖೆಯ ಮುಖ್ಯಸ್ಥನದು! ವಿದ್ಯಾರ್ಥಿಯ ವೇಷದಲ್ಲಿ ಕೂಲಿಕಾರ ನುಸುಳಿಬಿಟ್ಟಾನೆಂಬ ಭಯ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ನಮ್ಮ ಹುಡುಗರು ಜೋಪಾನವಾಗಿ ಹಿಡಿದೊಯ್ಯುವ ಐ-20 ಪತ್ರದ ಬೇರೂ ಇದೇ ಎಂದು ನನ್ನ ಎಣಿಕೆ.

1946ರಲ್ಲಿ ಭಾರತೀಯರಿಗೆ ವಲಸೆಯ ಅವಕಾಶ ದೊರೆಯಿತು. ಆದರೆ ವರ್ಷಕ್ಕೆ ಕೇವಲ 100 ಮಂದಿಗೆ. ಇಂದಿನ ‘ಎಫ್’ ವರ್ಗದ ವೀಸಾ 1952ರ ಕಾಯಿದೆಯ ಶಿಶು. ಸ್ವದೇಶದಲ್ಲಿ ತಾನು ಬಿಟ್ಟುಕೊಡಲು ಇಚ್ಛಿಸದ ಮನೆಯಿದೆಯೆಂದು ವಿದ್ಯಾರ್ಥಿ ತೋರಿಸಬೇಕು. ಅಲ್ಲದೆ, ಅರ್ಜಿದಾರನು ನೆಲಸಲೆಂದೇ ಬರುವವನೆಂದು ಮೊದಲೇ ಭಾವಿಸಲಾಗುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ಅವನದೇ. ನ್ಯಾಯಾಲಯದಲ್ಲಿ ಆರೋಪಿಗೆ ಸಲ್ಲುವ ಸಂಶಯದ ಲಾಭವೂ ಇಲ್ಲಿ ವಿದ್ಯಾರ್ಥಿಗಿಲ್ಲ. ಇಪ್ಪತ್ತೆರಡರ ತರುಣನಿಗೆ ಸ್ವಂತ ಮನೆಯೆಲ್ಲಿ, ಹೊಲವೆಲ್ಲಿ? ತಂದೆಯ ಪಹಣಿಯನ್ನೇ ಹಿಡಿದು ಹೋಗಬೇಕು.

ಮುಂದೆ 1965ರ ಕಾಯಿದೆ ದೇಶವಾರು ಹಳೆಯ ಪಾಲಿನ ಪದ್ಧತಿಯನ್ನು ತೆಗೆದುಹಾಕಿತು. ಓದಲು ಹೋದವರು ಉದ್ಯೋಗ ಹಿಡಿದು ನ್ಯಾಯಬದ್ಧವಾಗಿ ಅಲ್ಲಿಯೇ ನೆಲಸುವ ದಾರಿ ವಿಶಾಲವಾಯಿತು. ಆದರೂ 1952ರ ಆ ಪ್ರಶ್ನೆ ಅಳಿಯಲಿಲ್ಲ. ಒಂದು ಕೈ ಕರೆಯುತ್ತದೆ, ಇನ್ನೊಂದು ಕೈ ಮರಳುವ ಮಾತು ಕೊಡೆನ್ನುತ್ತದೆ.

ಹೋಗುವಾಗಲೇ ಇದಕ್ಕೆ ಖಚಿತವಾಗಿ ಉತ್ತರಿಸಬಲ್ಲವರಾರು? ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋದರು, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಷಿಕಾಗೋದಲ್ಲಿ ಅಧ್ಯಾಪಕರಾಗಿ ನಿಂತರು. ಅಲ್ಲಿದ್ದುಕೊಂಡೇ 1973ರಲ್ಲಿ ನಮ್ಮ ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು. 1993ರಲ್ಲಿ ತೀರಿಕೊಂಡದ್ದೂ ಆ ಊರಿನಲ್ಲಿಯೇ.