ಗೇರ್ ಹಾಕೋದು ಕೈಯಲ್ಲ, ಕಿವಿ: ಹಾಲಾಡಿಯಿಂದ ಬಾಳೆಬರೆ ಘಾಟಿವರೆಗೆ

ಇವತ್ತು ಮಾತು ಶುರು ಮಾಡೋ ಮೊದಲು ಒಂದು ಸದ್ದು ಕೇಳಿಸ್ತೀನಿ.

(ಹಳೆಯ ಜೀಪಿನ ಇಂಜಿನ್ ಸದ್ದು, ನಡುವೆ ಗೇರ್ ಕಚ್ಚದೆ 'ಕರ್ರ್‌' ಎನ್ನುವ ಶಬ್ದ)

ಕೇಳಿಸ್ತಾ ಆ 'ಕರ್ರ್‌'? ನಮ್ಮ ಮನೇಲಿ ಅಮ್ಮ ಡ್ರೈವಿಂಗ್ ಕಲಿಯೋದನ್ನ ಇಪ್ಪತ್ತು ವರ್ಷ ನಿಲ್ಲಿಸಿದ್ದು ಈ ಒಂದು ಸದ್ದು.

ನಮ್ಮೂರು ಹಾಲಾಡಿ. ಕೋಟೇಶ್ವರದಿಂದ ಬಿದ್ಕಲ್‌ಕಟ್ಟೆ ದಾಟಿ ಒಳಗೆ ಬಂದ್ರೆ ಸಿಗೋ ಸಣ್ಣ ಪೇಟೆ. ಇಲ್ಲಿಂದ ಒಂದು ರಸ್ತೆ ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ ಅಂತ ಹೋಗಿ ಬಾಳೆಬರೆ ಘಾಟಿ ಹತ್ತುತ್ತೆ. ಮೇಲಿನವರು ಅದನ್ನ ಹುಲಿಕಲ್ ಘಾಟಿ ಅಂತಾರೆ. ಅಪ್ಪಯ್ಯ ಈ ರಸ್ತೇಲಿ ಬಾಡಿಗೆ ಜೀಪ್ ಓಡಿಸ್ತಿದ್ರು. ನನಗೆ ನಾಲ್ಕೈದು ವರ್ಷ ಇರುವಾಗ ಅಮ್ಮ ಒಂದು ದಿನ, ಕೊಯ್ಲು ಮುಗಿದ ಗದ್ದೇಲಿ, ಜೀಪ್ ಕಲೀತೀನಿ ಅಂತ ಕೂತ್ರು. ಮೂರು ಸಲ ಗಾಡಿ ಆಫ್ ಆಯ್ತು. ನಾಲ್ಕನೇ ಸಲ 'ಕರ್ರ್‌'. ಅಂಚಿನ ಮೇಲೆ ನಿಂತಿದ್ದ ಗಂಡಸರೆಲ್ಲ ನಕ್ರು. ಅಮ್ಮ ಕೆಳಗಿಳಿದು ಕೀಲಿ ಕೈ ಅಪ್ಪಯ್ಯನ ಕೈಗೆ ಕೊಟ್ಟು ಒಳಗೆ ಹೋದ್ರು. ಅಷ್ಟೇ.

ಈ ವರ್ಷ ಮನೆಗೆ ಕಾರ್ ತಗೊಳ್ಳೋ ಮಾತು ಬಂತು. ಅಪ್ಪಯ್ಯಂದು ಒಂದೇ ಹಠ: "ಗೇರ್ ಇಲ್ದಿದ್ ಗಾಡಿ ಓಡ್ಸೂಕೆ ಎಂತ ಖುಷಿ ಇತ್ತ್ ಮಾರಾಯಾ?" ಅಮ್ಮಂದು ಇನ್ನೊಂದು: "ಆಟೋಮ್ಯಾಟಿಕ್ ಆದ್ರೆ ನಾನೂ ಓಡಿಸ್ತೆ."

ಯಾರು ಸರಿ? ಅದಕ್ಕೆ ಉತ್ತರ ಹುಡುಕೋಕೆ ಹೋಗಿ ನಾನು ಗೇರಿನ ಚರಿತ್ರೆಗೇ ಇಳಿದುಬಿಟ್ಟೆ. ಬನ್ನಿ, ಒಟ್ಟಿಗೆ ಹೋಗೋಣ.

ಮೊದಲನೇ ಪ್ರಶ್ನೆ: ಗೇರ್ ಯಾಕೆ ಬೇಕು? ನಾನು ಬಿಕಾಂ ಓದಿದವನು, ನನ್ನ ಭಾಷೇಲಿ ಹೇಳ್ತೀನಿ. ಗೇರ್ ಅಂದ್ರೆ ಒಂದು ವಿನಿಮಯ. ವೇಗ ಕೊಟ್ಟು ಬಲ ತಗೊಳ್ಳೋದು, ಇಲ್ಲವೇ ಬಲ ಕೊಟ್ಟು ವೇಗ ತಗೊಳ್ಳೋದು. ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ನಿಗೆ ಒಂದು ದೌರ್ಬಲ್ಯ ಇದೆ. ಅದು ನಿಂತಲ್ಲಿಂದ ಬಲ ಕೊಡಲ್ಲ, ಒಂದು ಮಟ್ಟಿಗೆ ತಿರುಗ್ತಾ ಇದ್ರೆ ಮಾತ್ರ ಕೊಡುತ್ತೆ. ಹಾಗಾಗಿ ಘಾಟಿ ಹತ್ತುವಾಗ ಇಂಜಿನ್ ಜೋರಾಗಿ ತಿರುಗಬೇಕು, ಚಕ್ರ ನಿಧಾನವಾಗಿ ತಿರುಗಬೇಕು. ಆ ಲೆಕ್ಕ ಹೊಂದಿಸೋ ಪೆಟ್ಟಿಗೆಯೇ ಗೇರ್ ಬಾಕ್ಸ್. ಎರಡರ ನಡುವಿನ ಸಂಬಂಧ ಕ್ಷಣಕಾಲ ಬಿಡಿಸೋದು ಕ್ಲಚ್.

ಹಲ್ಲಿನ ಚಕ್ರಗಳನ್ನ ಜಾರಿಸಿ ಒಂದಕ್ಕೊಂದು ಕಚ್ಚಿಸೋ ವಿಧಾನವನ್ನ ಕಾರಿಗೆ ತಂದವರು ಫ್ರಾನ್ಸಿನ ಪನಾರ್ ಮತ್ತು ಲೆವಸ್ಸೋರ್ ಕಂಪನಿಯವರು, 1890ರ ದಶಕದ ಆರಂಭದಲ್ಲಿ. ತಿರುಗ್ತಾ ಇರೋ ಎರಡು ಹಲ್ಲಿನ ಚಕ್ರಗಳ ವೇಗ ಹೊಂದಿಲ್ಲ ಅಂದ್ರೆ ಕಚ್ಚಲ್ಲ, 'ಕರ್ರ್‌' ಅನ್ನುತ್ತೆ. ಅದಕ್ಕೆ ಆ ಕಾಲದ ಡ್ರೈವರ್‌ಗಳು ಮಾಡ್ತಿದ್ದ ಉಪಾಯವೇ ಡಬಲ್ ಡಿಕ್ಲಚ್. ಕ್ಲಚ್ ತುಳಿ, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಒಂಚೂರು ಆಕ್ಸಿಲರೇಟರ್ ಕೊಡು, ಮತ್ತೆ ಕ್ಲಚ್ ತುಳಿ, ಕೆಳಗಿನ ಗೇರ್ ಹಾಕು. ಇಷ್ಟೂ ಒಂದು ತಿರುವು ಬರೋದ್ರೊಳಗೆ.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಸಿಂಕ್ರೋಮೆಶ್ ಬಂತು. ಹಲ್ಲು ಕಚ್ಚೋ ಮೊದಲೇ ಎರಡರ ವೇಗ ಸಮ ಮಾಡೋ ಸಣ್ಣ ಉಂಗುರದಂಥ ವ್ಯವಸ್ಥೆ. ಡಬಲ್ ಡಿಕ್ಲಚ್ ಕಲಿಯದವರೂ ಗಾಡಿ ಓಡಿಸಬಹುದು ಅಂತಾಯ್ತು. ಗಮನಿಸಿ, ನಾವಿವತ್ತು 'ಶುದ್ಧ ಮ್ಯಾನುಯಲ್' ಅಂತ ಹೆಮ್ಮೆಯಿಂದ ಕರೆಯೋ ಗಾಡೀಲೂ ಅರ್ಧ ಕೆಲಸವನ್ನ ಯಂತ್ರವೇ ಮಾಡ್ತಿದೆ. ಅಪ್ಪಯ್ಯನ ಹಳೇ ಜೀಪಿನಲ್ಲಿ ಒಂದನೇ ಗೇರಿಗೆ ಈ ಸೌಲಭ್ಯ ಇರಲಿಲ್ಲ. ಅಮ್ಮ ಆ ದಿನ ಸೋತಿದ್ದು ಅದರ ಎದುರು. ನಕ್ಕವರಿಗೆ ಅದು ಗೊತ್ತಿರಲಿಲ್ಲ, ಅಮ್ಮಂಗೂ ಗೊತ್ತಿರಲಿಲ್ಲ.

1939ರಲ್ಲಿ ಜನರಲ್ ಮೋಟಾರ್ಸ್ ಹೈಡ್ರಾಮ್ಯಾಟಿಕ್ ಅನ್ನೋ ಗೇರ್ ಬಾಕ್ಸನ್ನ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಘೋಷಿಸ್ತು. ಕ್ಲಚ್ ಪೆಡಲ್ಲೇ ಇಲ್ಲ. ಆಮೇಲೆ ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್ ಬಾಕ್ಸ್ ಅಮೆರಿಕದ ಸ್ಟುವರ್ಟ್ ಟ್ಯಾಂಕಿಗೂ ಹೋಯ್ತು. 'ಆಟೋಮ್ಯಾಟಿಕ್ ಅಂದ್ರೆ ಸೋಮಾರಿಗಳ ಗಾಡಿ' ಅನ್ನೋರಿಗೆ ಈ ಟ್ಯಾಂಕಿನ ಕಥೆ ಹೇಳಿ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಮ್ಯಾನುಯಲ್ಲಾ ಆಟೋಮ್ಯಾಟಿಕ್ಕಾ ಅನ್ನೋ ಜಗಳಕ್ಕೆ ಕರ್ನಾಟಕ ತುಂಬಾ ಮೊದಲೇ ಒಂದು ನಡುದಾರಿ ತೋರಿಸಿತ್ತು. ಮೈಸೂರಿನ ಐಡಿಯಲ್ ಜಾವಾ. ಜೆಕ್ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬದವರು ಕಟ್ಟಿದ ಕಾರ್ಖಾನೆ. 1961ರಲ್ಲಿ ಶುರುವಾಗಿದ್ದು, ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರ್. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಗಾಡಿಯ ಒಂದು ಗುಟ್ಟು ಈಗಿನ ಎಷ್ಟೋ ಬೈಕ್ ಪ್ರಿಯರಿಗೆ ಗೊತ್ತಿಲ್ಲ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಅಷ್ಟೇ ಅಲ್ಲ, ಗಾಡಿ ಓಡ್ತಿರುವಾಗ ಕಾಲಲ್ಲಿ ಗೇರ್ ಲಿವರ್ ಒತ್ತಿದ್ರೆ ಕ್ಲಚ್ ತಾನೇ ಬಿಡಿಸ್ಕೊಳ್ಳುತ್ತೆ. ಎಡಗೈಯ ಕ್ಲಚ್ ಬೇಕಾಗಿದ್ದು ನಿಂತಲ್ಲಿಂದ ಹೊರಡೋಕೆ ಮಾತ್ರ. ಅಂದ್ರೆ ಗಂಡಸರ ಗಾಡಿ, ಗತ್ತಿನ ಗಾಡಿ ಅಂತ ನಾವು ಫೋಟೋ ಹಾಕೋ ಯೆಜ್ಡಿ ಅರ್ಧ ಆಟೋಮ್ಯಾಟಿಕ್! ಅದರಿಂದ ಖುಷಿ ಕಮ್ಮಿ ಆಯ್ತು ಅಂತ ಯಾವ ಯೆಜ್ಡಿ ಓನರ್ರೂ ನನ್ನ ಹತ್ರ ಹೇಳಿಲ್ಲ.

ಇನ್ನು ಸ್ಕೂಟರ್. ಬಜಾಜ್ ಚೇತಕ್‌ನಲ್ಲಿ ಗೇರ್ ಎಡಗೈಯಲ್ಲಿ. ಹಿಡಿ ಸಮೇತ ತಿರುಗಿಸಬೇಕು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಬಟನ್ ಒತ್ತಿದ್ರೆ ಸ್ಟಾರ್ಟ್. ಒಳಗೆ ಎರಡು ರಾಟೆ, ಒಂದು ಬೆಲ್ಟ್. ವೇಗ ಏರಿದ ಹಾಗೆ ಒಂದು ರಾಟೆಯ ಸುತ್ತಳತೆ ಹಿಗ್ಗುತ್ತೆ, ಇನ್ನೊಂದರದ್ದು ಕುಗ್ಗುತ್ತೆ. ಗೇರ್ ಬದಲಾಗ್ತಾನೇ ಇರುತ್ತೆ, ಗೊತ್ತಾಗಲ್ಲ ಅಷ್ಟೆ.

1988ರ ಮೋಟಾರು ವಾಹನ ಕಾಯ್ದೆ ಈ ಬದಲಾವಣೆಯನ್ನ ಲೈಸೆನ್ಸಿನಲ್ಲೇ ಬರೆದಿಟ್ಟಿತು. ಗೇರ್ ಇಲ್ಲದ ಮೋಟಾರ್ ಸೈಕಲ್ ಒಂದು ವರ್ಗ, ಗೇರ್ ಇರೋದು ಇನ್ನೊಂದು. ಕಾರಿಗೆ ಮಾತ್ರ ಈ ಭೇದ ಇಲ್ಲ. ಬ್ರಿಟನ್‌ನಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವರು ಮ್ಯಾನುಯಲ್ ಓಡಿಸೋ ಹಾಗಿಲ್ಲ, ನಮ್ಮಲ್ಲಿ ಎರಡಕ್ಕೂ ಒಂದೇ ಲೈಸೆನ್ಸ್.

ಕಾಯ್ದೆಯ ಆ ಸಾಲು ನಮ್ಮೂರಲ್ಲಿ ಏನು ಮಾಡಿತು ನೋಡಿ. ಗೇರ್ ಇಲ್ಲದ ಸ್ಕೂಟರ್ ಬಂದಮೇಲೆ ಅಮ್ಮ ಹಾಲಿನ ಡೈರಿಗೆ, ಬ್ಯಾಂಕಿಗೆ, ಶಂಕರನಾರಾಯಣಕ್ಕೆ ತಾವೇ ಹೋಗೋಕೆ ಶುರು ಮಾಡಿದ್ರು. ಮೊದಲು ಬಸ್ ತಪ್ಪಿದ್ರೆ ಆ ದಿನವೇ ತಪ್ಪಿದ ಹಾಗೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಗೇರುಬೀಜದ ಫ್ಯಾಕ್ಟರಿಗೆ ಹೋಗೋರು, ಎಲ್ಲರೂ ಸ್ಕೂಟರ್ ಮೇಲೆ. ಮಳೆಗಾಲದಲ್ಲಿ ರೈನ್‌ಕೋಟ್ ಹಾಕ್ಕೊಂಡು ಹೋಗೋ ಆ ಸಾಲನ್ನ ನೀವೂ ನೋಡಿರ್ತೀರಿ. ಅದನ್ನ 'ಹೆಂಗಸರ ಗಾಡಿ' ಅಂತ ಗೇಲಿ ಮಾಡಿದವರೇ ಈಗ ಪೇಟೆಗೆ ಹೋಗುವಾಗ ಹೆಂಡತಿಯ ಸ್ಕೂಟರ್ ಕೀ ಹುಡುಕ್ತಾರೆ.

ಬಸ್ಸಿಗೂ ಇದು ಬಂತು. 2006ರ ಹೊತ್ತಿಗೆ ಬೆಂಗಳೂರಿನ ಬಿಎಂಟಿಸಿ ರಸ್ತೆಗಿಳಿಸಿದ ತಗ್ಗು ನೆಲದ ವೋಲ್ವೋ ಸಿಟಿ ಬಸ್‌ಗಳಲ್ಲಿ ಆಟೋಮ್ಯಾಟಿಕ್ ಗೇರ್. ಸಿಗ್ನಲ್ ಸಿಗ್ನಲ್ಲಿಗೂ ಕ್ಲಚ್ ತುಳಿಯೋ ಡ್ರೈವರ್‌ನ ಎಡಮೊಣಕಾಲನ್ನ ಕೇಳಿ, ಅದರ ಬೆಲೆ ಅದಕ್ಕೆ ಗೊತ್ತು. ಅಪ್ಪಯ್ಯ ಈಗ ಅಂಗಳದ ಮೆಟ್ಟಿಲು ಇಳಿಯುವಾಗ ಎಡಗಾಲು ಹಿಡ್ಕೊಂಡೇ ಇಳಿಯೋದು. ಖುಷಿ ಅಂತ ಅವರು ಹೇಳೋ ವಿಷಯದಲ್ಲಿ ಈ ನೋವಿನ ಲೆಕ್ಕ ಸೇರಿರಲ್ಲ.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಎಎಂಟಿ ಬಂದಾಗ ಸಾಮಾನ್ಯರ ಕಾರಿಗೂ ಆಟೋಮ್ಯಾಟಿಕ್ ಕೈಗೆಟುಕಿತು. ಕಾರಣ ಸರಳ: ಗೇರ್ ಬಾಕ್ಸ್ ಹಳೆಯ ಮ್ಯಾನುಯಲ್ಲೇ. ಕ್ಲಚ್ ತುಳಿಯೋ ಕಾಲು, ಗೇರ್ ಹಾಕೋ ಕೈ, ಎರಡರ ಬದಲಿಗೆ ಒಂದು ಯಂತ್ರ, ಒಂದು ಕಂಪ್ಯೂಟರ್.

ಇಷ್ಟೆಲ್ಲ ಓದಿ ನಾನು ಅಪ್ಪಯ್ಯನ ಹತ್ರ ಕೂತು ನೇರವಾಗಿ ಕೇಳಿದೆ: "ನಿಮಗೆ ಖುಷಿ ಕೊಡೋದು ಎಂತ? ಲಿವರ್ ಹಿಡಿಯೋದಾ?" ಅವರು ಸ್ವಲ್ಪ ಯೋಚಿಸಿ ಹೇಳಿದ್ದು: "ಗೇರ್ ಹಾಕೂದ್ ಕೈ ಅಲ್ಲ, ಕೆಮಿ." ಕೆಮಿ ಅಂದ್ರೆ ಕಿವಿ. ಇಂಜಿನ್ ಉಸಿರು ಕಟ್ತಿದೆಯಾ, ಹಗುರ ಆಯ್ತಾ, ಹಿಂದೆ ಎಷ್ಟು ಜನ ಕೂತಿದ್ದಾರೆ, ತಿರುವಿನ ಆಚೆ ಏರು ಎಷ್ಟಿದೆ, ಎಲ್ಲಾ ಕೇಳಿಸುತ್ತಂತೆ. ಯಕ್ಷಗಾನದಲ್ಲಿ ಮದ್ದಳೆಯವರು ಭಾಗವತರ ಉಸಿರು ನೋಡ್ಕೊಂಡು ಪೆಟ್ಟು ಹಾಕ್ತಾರಲ್ಲ, ಹಾಗೆ.

ನನಗೆ ವಿಷಯ ಅರ್ಥ ಆಗಿದ್ದು ಅಲ್ಲಿ. ಖುಷಿ ಇರೋದು ಗಾಡಿ ಜೊತೆಗಿನ ಈ ಮಾತುಕತೇಲಿ. ಗೇರ್ ಲಿವರ್ ಆ ಮಾತುಕತೆಯನ್ನ ಕಡ್ಡಾಯ ಮಾಡಿತ್ತು. ಆಟೋಮ್ಯಾಟಿಕ್ ಅದನ್ನ ಐಚ್ಛಿಕ ಮಾಡಿದೆ. ಘಾಟಿ ಇಳಿಯುವಾಗ ಈ ವ್ಯತ್ಯಾಸ ಜೀವಕ್ಕೇ ಬರಬಹುದು.

ಕೊನೆಗೆ ಮನೆಗೆ ಬಂದಿದ್ದು ಆಟೋಮ್ಯಾಟಿಕ್ ಕಾರೇ. ಅಮ್ಮ ಲೈಸೆನ್ಸ್ ಮಾಡಿಸ್ಕೊಂಡು, ಎರಡು ತಿಂಗಳು ಊರೊಳಗೆ ಓಡಿಸಿ, ಒಂದು ಭಾನುವಾರ ಬಾಳೆಬರೆ ಹತ್ತಿಸಿದ್ರು. ಎಡಗಡೆ ಅಪ್ಪಯ್ಯ, ಹಿಂದೆ ನಾನು. ಮೇಲೆ ಚಂಡಿಕಾಂಬೆ ಗುಡಿ ಹತ್ರ ನಿಲ್ಲಿಸಿ, ಕೈಮುಗಿದು, ಮಾಸ್ತಿಕಟ್ಟೆಯಲ್ಲಿ ಚಾ ಕುಡಿದು ವಾಪಸ್ ಹೊರಟ್ವಿ.

ಇಳಿಯುವಾಗ ಗಾಡಿ 'ಡಿ'ಯಲ್ಲೇ ಇತ್ತು. ಡ್ರೈವರ್ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ, ಇವರಿಗೆ ಬಲ ಬೇಡ ಅಂದ್ಕೊಂಡು ಇಂಥ ಗಾಡಿ ಮೇಲಿನ ಗೇರಿಗೆ ಹೋಗಿಬಿಡಬಹುದು. ಆಗ ಇಂಜಿನ್ ಹಿಡಿತ ಕಮ್ಮಿ, ಇಡೀ ಭಾರ ಬ್ರೇಕ್ ಮೇಲೆ. ಅಮ್ಮ ಬ್ರೇಕ್ ಒತ್ಕೊಂಡೇ ಬಂದ್ರು. ಆರೇಳು ತಿರುವು ಆದಮೇಲೆ ಸುಟ್ಟ ವಾಸನೆ. ಅಪ್ಪಯ್ಯ ಮೆಲ್ಲಗೆ, "ಅಗಲ ಇದ್ದಲ್ಲಿ ಸೈಡಿಗೆ ಹಾಕ್" ಅಂದ್ರು. ಬೈಯಲಿಲ್ಲ, ನಗಲೂ ಇಲ್ಲ. ಬ್ರೇಕ್ ತಣಿಯೋಕೆ ಅರ್ಧ ಗಂಟೆ ಕಾದ್ವಿ. ಆ ಅರ್ಧ ಗಂಟೇಲಿ ಅವರು ಅಮ್ಮಂಗೆ ಇಪ್ಪತ್ತು ವರ್ಷದ ಹಿಂದೆ ಹೇಳಿಕೊಡಬೇಕಾಗಿದ್ದನ್ನ ಹೇಳಿಕೊಟ್ರು: ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು. ಇಂಜಿನ್ ಕೂಗಿದ್ರೆ ಹೆದರಬೇಡ, ಅದು ಗಾಡಿಯನ್ನ ಹಿಡ್ಕೊಂಡಿದೆ ಅಂತ ಅರ್ಥ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡು, ಸವರ್ತಾ ಕೂರಬೇಡ.

ಅಮ್ಮ ಲಿವರ್ ಪಕ್ಕಕ್ಕೆ ಸರಿಸಿ 'ಎಂ'ಗೆ ತಂದು, ಎರಡನೇ ಗೇರ್ ಹಾಕಿ ಹೊರಟ್ರು. ಇಂಜಿನ್ ಕೂಗಿತು. ಹೊಸಂಗಡಿವರೆಗೆ ಯಾರೂ ಮಾತಾಡಲಿಲ್ಲ. ಕೆಳಗೆ ಬಂದಮೇಲೆ ಅಮ್ಮ ಹೇಳಿದ್ರು, ಹತ್ತಿದ್ದಕ್ಕಿಂತ ಆ ಕೊನೇ ಅರ್ಧ ಇಳಿದಿದ್ದೇ ಖುಷಿಯಾಯ್ತು ಅಂತ.

ಹಾಗಾಗಿ ಘಾಟಿಗೆ ಹೋಗೋ ಗೆಳೆಯರಿಗೆ ಮೂರು ಮಾತು. ಆಟೋಮ್ಯಾಟಿಕ್ ಕಾರಾದ್ರೆ ಇಳಿಯೋ ಮೊದಲೇ 'ಎಂ' ಅಥವಾ 'ಎಲ್' ಎಲ್ಲಿದೆ ಅಂತ ನೋಡ್ಕೊಳ್ಳಿ. ಸ್ಕೂಟರ್ ಆದ್ರೆ ವೇಗ ತೀರಾ ಕಮ್ಮಿಯಾದಾಗ ಅದರ ಕ್ಲಚ್ ತಾನಾಗಿ ಬಿಟ್ಕೊಳ್ಳುತ್ತೆ, ಇಂಜಿನ್ ಹಿಡಿತ ಸಿಗಲ್ಲ ಅನ್ನೋದು ನೆನಪಿರಲಿ. ಇಳಿಯುವಾಗ ಎದುರಿಂದ ಹತ್ತಿ ಬರೋ ಗಾಡಿಗೆ ದಾರಿ ಬಿಡಿ. ಅದು ನಿಯಮವೂ ಹೌದು, ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡೋ ಕಷ್ಟ ಗೊತ್ತಿದ್ದವರು ಮಾಡಿದ ಮರ್ಯಾದೆಯೂ ಹೌದು.

ಮುಂದೇನು? 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ಕಾರ್ ಬಂದಿತ್ತು. ಎಲೆಕ್ಟ್ರಿಕ್, ಬದಲಾಯಿಸೋಕೆ ಗೇರೇ ಇಲ್ಲ. 2018ರಲ್ಲಿ ಅದೇ ಊರಿಂದ ಏಥರ್ ಸ್ಕೂಟರ್. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತೆ, ಹಾಗಾಗಿ ಮ್ಯಾನುಯಲ್ಲಾ ಆಟೋಮ್ಯಾಟಿಕ್ಕಾ ಅನ್ನೋ ಪ್ರಶ್ನೆಯೇ ಅಲ್ಲಿಲ್ಲ. ಇಳಿಜಾರಿನಲ್ಲಿ ಅದೇ ಮೋಟಾರ್ ಗಾಡಿಯನ್ನ ಹಿಡಿದು ಬ್ಯಾಟರಿ ತುಂಬಿಸುತ್ತೆ. ಆದ್ರೆ ಬ್ಯಾಟರಿ ಮೊದಲೇ ಪೂರ್ತಿ ತುಂಬಿದ್ರೆ ಆ ಹಿಡಿತ ಕಮ್ಮಿಯಾಗುತ್ತೆ. ಘಾಟಿಯ ಮೇಲೆ ನೂರು ಪರ್ಸೆಂಟ್ ಚಾರ್ಜ್ ಮಾಡ್ಕೊಂಡು ಇಳಿಯೋರು ಇದನ್ನ ತಿಳ್ಕೊಂಡಿರಬೇಕು. ಕಾಲ ಬದಲಾದ್ರೂ ಕೆಮಿ ಮುಚ್ಚೋ ಹಾಗಿಲ್ಲ.

ಅಪ್ಪಯ್ಯ ಈಗಲೂ ಆಟೋಮ್ಯಾಟಿಕ್‌ನಲ್ಲಿ ಖುಷಿ ಇದೆ ಅಂತ ಒಪ್ಪಲ್ಲ. ಆದ್ರೆ ಹೊರಗೆ ಹೋಗೋದಿದ್ರೆ ಎಡಗಡೆ ಸೀಟಿಗೆ ಅವರೇ ಮೊದಲು ಬಂದು ಕೂರ್ತಾರೆ.

ನಿಮ್ಮ ಮನೇಲೂ ಒಂದು ಸಲ ಗದ್ದೇಲೋ ಮೈದಾನದಲ್ಲೋ ಕಲಿಯೋಕೆ ಕೂತು, ಯಾರೋ ನಕ್ಕರು ಅಂತ ಇಳಿದವರು ಇರಬಹುದು. ಈ ವಾರ ಅವರನ್ನ ಕೇಳಿ ನೋಡಿ. ಅವರು ಹೇಳಿದ್ದನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಅಲ್ಲಿವರೆಗೆ, ಹುಷಾರಾಗಿ ಓಡಿಸಿ. ಬರ್ತೀನಿ.