ಕ್ರಿಯಾಟಿನಿನ್ ನಾರ್ಮಲ್ ಇದ್ದರೆ ಸಕ್ಕರೆ ಕಾಯಿಲೆಯವರ ಕಿಡ್ನಿ ಸುರಕ್ಷಿತವೇ?

"ಶುಗರ್ ಇದ್ದವರು ಕ್ರಿಯಾಟಿನಿನ್ ನೋಡಿಸಿಕೊಂಡರೆ ಸಾಕು. 1.2ರ ಒಳಗಿದ್ದರೆ ಕಿಡ್ನಿಗೆ ಏನೂ ಆಗಿಲ್ಲ" ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಇದು ನಿಜವೇ? ನೋಡೋಣ.

ನಮ್ಮ ಉತ್ತರ: ಅರ್ಧ ಸತ್ಯ. ಕ್ರಿಯಾಟಿನಿನ್ ಬೇಕು, ಆದರೆ ಅದೊಂದೇ ಸಾಲದು.

ಕ್ರಿಯಾಟಿನಿನ್ ಏಕೆ ತಡವಾಗಿ ಹೇಳುತ್ತದೆ?

ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಬರುವ ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಕಿಡ್ನಿಯ ಶಕ್ತಿ ಸುಮಾರು ಅರ್ಧದಷ್ಟು ಕುಗ್ಗುವವರೆಗೂ ರಕ್ತದಲ್ಲಿ ಈ ಅಂಕಿ ನಾರ್ಮಲ್ ಒಳಗೇ ಇರಬಹುದು. ಸ್ನಾಯು ಕಡಿಮೆ ಇರುವ ತೆಳ್ಳನೆಯ ದೇಹದವರಲ್ಲಿ, ವಯಸ್ಸಾದವರಲ್ಲಿ ಇದು ಇನ್ನೂ ಹೆಚ್ಚು ಮೋಸ ಮಾಡುತ್ತದೆ.

ಒಂದು ಲೆಕ್ಕ ನೋಡಿ. ಎಚ್.ಡಿ.ಕೋಟೆಯ ಒಬ್ಬ 25 ವರ್ಷದ ಯುವಕ, ಅವನ 65 ವರ್ಷದ ಅಜ್ಜಿ ಇಬ್ಬರಿಗೂ ಕ್ರಿಯಾಟಿನಿನ್ 1.1 ಬಂದಿದೆ ಎಂದುಕೊಳ್ಳೋಣ. 2021ರ ಅಂತರರಾಷ್ಟ್ರೀಯ ಸೂತ್ರದ ಪ್ರಕಾರ ಯುವಕನ ಕಿಡ್ನಿ ಸೋಸುವ ವೇಗ, ಅಂದರೆ ಇಜಿಎಫ್‌ಆರ್, ಸುಮಾರು 95. ಅಜ್ಜಿಯದು ಸುಮಾರು 56 ಮಾತ್ರ! ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಲ್ಯಾಬ್ ಚೀಟಿಯಲ್ಲಿ ಇಬ್ಬರಿಗೂ "ನಾರ್ಮಲ್" ಎಂದೇ ಇರಬಹುದು.

ಹಾಗಾದರೆ ಯಾವ ಪರೀಕ್ಷೆ ಕೇಳಬೇಕು?

1. ಇಜಿಎಫ್‌ಆರ್: ಇದಕ್ಕೆ ಬೇರೆ ರಕ್ತ ಕೊಡಬೇಕಿಲ್ಲ. ಕ್ರಿಯಾಟಿನಿನ್, ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುತ್ತಾರೆ. ಚೀಟಿಯಲ್ಲಿ ಇಲ್ಲದಿದ್ದರೆ ವೈದ್ಯರನ್ನು ಕೇಳಿ.

2. ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ: ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿಯ ಜರಡಿ ಹಾಳಾಗತೊಡಗಿದಾಗ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ಹಲವರಲ್ಲಿ ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಇದು ಕಾಣುತ್ತದೆ. 30ಕ್ಕಿಂತ ಕಡಿಮೆ ಇದ್ದರೆ ಸರಿ, 30ರಿಂದ 300 ಎಚ್ಚರಿಕೆ, 300 ದಾಟಿದರೆ ಹೆಚ್ಚು ಅಪಾಯ. ಮಾಮೂಲಿ ಮೂತ್ರದ ಪಟ್ಟಿ ಪರೀಕ್ಷೆಗೆ ಆರಂಭದ ಸೋರಿಕೆ ಸಿಗದೇ ಹೋಗಬಹುದು. ಜ್ವರ, ಮೂತ್ರದ ಸೋಂಕು, ಮುಟ್ಟು, ವಿಪರೀತ ದಣಿವಿನ ಕೆಲಸ ಇದ್ದಾಗಲೂ ಅಂಕಿ ಏರುತ್ತದೆ. ಹಾಗಾಗಿ ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ, ಮತ್ತೆ ಪರೀಕ್ಷಿಸಿ.

3. ಸಿಸ್ಟಾಟಿನ್-ಸಿ: ಇದೂ ರಕ್ತ ಪರೀಕ್ಷೆ. ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸಿಲ್ಲ. ಎಲ್ಲರಿಗೂ ಬೇಡ, ಕ್ರಿಯಾಟಿನಿನ್ ಬಗ್ಗೆ ಅನುಮಾನ ಬಂದಾಗ ವೈದ್ಯರು ಬರೆಯುತ್ತಾರೆ.

ಕಿಮ್-1, ಟಿಎನ್‌ಎಫ್‌ಆರ್-1 ಮುಂತಾದ ಹೊಸ ರಕ್ತ ಸೂಚಕಗಳನ್ನು ಬಳಸುವ ಒಂದು ಪರೀಕ್ಷೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಮೊದಲೆರಡು ಪರೀಕ್ಷೆ ತಪ್ಪದೆ ಆದರೆ ಅದೇ ದೊಡ್ಡ ಗೆಲುವು.

ಎಚ್‌ಬಿಎ1ಸಿ ಸರಿಯಿದ್ದರೆ?

ಅದು ಸಕ್ಕರೆಯ ಹತೋಟಿ ಹೇಳುತ್ತದೆ, ಕಿಡ್ನಿಯ ಸ್ಥಿತಿಯನ್ನಲ್ಲ. ಮೈಸೂರು, ಚಾಮರಾಜನಗರ ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತದೋಷ ಕಂಡುಬರುತ್ತದೆ. ಅದಿದ್ದವರಲ್ಲಿ, ತೀವ್ರ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ತಪ್ಪು ಅಂಕಿ ತೋರಿಸಬಹುದು. ಈ ವಿಷಯ ವೈದ್ಯರಿಗೆ ಮೊದಲೇ ತಿಳಿಸಿ.

ಬೇಗ ಗೊತ್ತಾದರೆ ಏನು ಲಾಭ?

ಕಾಲು ಊದಿ, ಸುಸ್ತಾಗಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿರುತ್ತದೆ. ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ದಿನ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಮಲಗುವುದು. ಬೇಗ ತಿಳಿದರೆ ಬಿಪಿಯ ಕೆಲವು ಮಾತ್ರೆಗಳು, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಔಷಧಿಗಳು ಹಾನಿಯ ವೇಗ ತಗ್ಗಿಸುತ್ತವೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಅದರ ಬೆಲೆಯೂ ಇಳಿದಿದೆ. ಆದರೆ ಇವನ್ನು ಫಾರ್ವರ್ಡ್ ನೋಡಿ ನೀವೇ ಕೊಂಡು ನುಂಗಬೇಡಿ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ಪದೇಪದೇ ನುಂಗುವುದು, ಬೀಡಿ, ತಂಬಾಕು ಕಿಡ್ನಿಗೆ ಹಾನಿಕರ ಎಂಬುದೂ ನೆನಪಿರಲಿ.

ಒಟ್ಟಿನಲ್ಲಿ

ಟೈಪ್ 2 ಡಯಾಬಿಟಿಸ್ ಪತ್ತೆಯಾದ ದಿನವೇ ಎರಡೂ ಪರೀಕ್ಷೆ ಮಾಡಿಸಿ, ಬಳಿಕ ವರ್ಷಕ್ಕೊಮ್ಮೆಯಾದರೂ ಮಾಡಿಸಿ. "ಕ್ರಿಯಾಟಿನಿನ್ ನಾರ್ಮಲ್" ಎಂಬ ಫಾರ್ವರ್ಡ್ ಬಂದರೆ ಹೀಗೆ ಉತ್ತರಿಸಿ: "ರಕ್ತದಲ್ಲಿ ಇಜಿಎಫ್‌ಆರ್ ಎಷ್ಟು? ಮೂತ್ರದಲ್ಲಿ ಅಲ್ಬುಮಿನ್ ಎಷ್ಟು?"